ಮೂವತ್ತು ಕ್ಯಾನ್, ಮೂರು ಹೆಸರು: ಒಂದು ಮಿಶ್ರಣದ ಸಾಗಾಟದ ಪ್ರಕರಣ

ಲಾರಿ ಬಂದು ನಿಂತಿತ್ತು. ಮೂವತ್ತು ಪ್ಲಾಸ್ಟಿಕ್ ಕ್ಯಾನ್‌ಗಳು ಪ್ಯಾಲೆಟ್ ಮೇಲೆ ತಯಾರಾಗಿದ್ದವು. ಒಂದೊಂದರಲ್ಲಿ 20 ಲೀಟರ್. ಡ್ರೈವರ್ ಕಾಗದ ನೋಡಿದರು, ಕ್ಯಾನ್ ನೋಡಿದರು, ಮತ್ತೆ ಕಾಗದ ನೋಡಿದರು. "ಕಾಗದದಲ್ಲಿ 1170 ಅಂತಿದೆ. ಕ್ಯಾನ್ ಮೇಲೆ 1814 ಅಂತಿದೆ. ಯಾವುದು ಸರಿ ಅಂತ ಹೇಳಿ ಸರ್, ಆಮೇಲೆ ಹತ್ತಿಸ್ತೀನಿ" ಎಂದರು.

ಆ ಘಟಕಕ್ಕೆ ನಾನು ಹೊರಗಿನವನು. ಅಪಾಯಕಾರಿ ಸರಕಿನ ಕಾಗದಪತ್ರ ನೋಡಿಕೊಡಲು ಆಗಾಗ ಹೋಗುತ್ತಿದ್ದೆ. ಆ ದಿನ ಅಲ್ಲೇ ಇದ್ದೆ. ಡ್ರೈವರ್ ಕೇಳದೇ ಹೋಗಿದ್ದರೆ ಸರಕು ಹೊರಟೇಬಿಡುತ್ತಿತ್ತು. ಅವರ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ನಮಗೆ ಎರಡು ವಾರ ಹಿಡಿಯಿತು. ಇವು ಅಪಾಯಕಾರಿ ಸರಕನ್ನು ಗುರುತಿಸುವ ನಾಲ್ಕು ಅಂಕಿಯ ಯುಎನ್ ನಂಬರ್‌ಗಳು. ಇಲ್ಲಿ 1170 ಕೂಡ ತಪ್ಪು, 1814 ಕೂಡ ತಪ್ಪು.

ಕ್ಯಾನ್ ಒಳಗಿದ್ದದ್ದು ಲ್ಯಾಬ್‌ನ ಗಾಜಿನ ಪಾತ್ರೆಗಳಿಗೆ ಅಂಟಿದ ಜಿಡ್ಡು ತೆಗೆಯುವ ದ್ರವ. ತೂಕದ ಲೆಕ್ಕದಲ್ಲಿ 65 ಭಾಗ ಎಥನಾಲ್, 27 ಭಾಗ ನೀರು, 8 ಭಾಗ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್. ಕಾಸ್ಟಿಕ್ ಪೊಟ್ಯಾಶ್ ಅನ್ನುವುದು ಇದನ್ನೇ. ಕ್ಷಾರ ಜಿಡ್ಡನ್ನು ಸೋಪಾಗಿ ಮಾಡಿ ಬಿಡಿಸುತ್ತದೆ. ಬಿಟ್ಟದ್ದನ್ನು ಆಲ್ಕೊಹಾಲ್ ಕರಗಿಸಿಕೊಂಡು ಹೋಗುತ್ತದೆ. ಪಾತ್ರೆ ತೊಳೆಯಲು ಒಳ್ಳೆಯ ಜೋಡಿ. ಆದರೆ ಒಂದು ಬೆಂಕಿ ಹಿಡಿಯುತ್ತದೆ, ಇನ್ನೊಂದು ಮೈ ಸುಡುತ್ತದೆ.

ಮೂರು ಹೆಸರು ಎಲ್ಲಿಂದ ಬಂದವು?

ಆಫೀಸಿನವರು ಸೂತ್ರ ನೋಡಿದ್ದರು. ಅದರಲ್ಲಿ ಎಥನಾಲೇ ಜಾಸ್ತಿ. ಹಾಗಾಗಿ ಕಾಗದದಲ್ಲಿ ಯುಎನ್ 1170, ಎಥನಾಲ್ ಸೊಲ್ಯೂಷನ್ ಎಂದು ಬರೆದಿದ್ದರು. ಗೋದಾಮಿನವರ ಹತ್ತಿರ ಹಳೆಯ ಲೇಬಲ್ ಸುರುಳಿ ಇತ್ತು. ಅದರಲ್ಲಿ ಯುಎನ್ 1814, ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಸೊಲ್ಯೂಷನ್ ಎಂದಿತ್ತು. "ಇಷ್ಟು ದಿನ ಇದೇ ಅಂಟಿಸ್ತಿದ್ವಲ್ಲ ಸರ್" ಎಂದರು. ಅದು ನಿಜವೇ. ಇನ್ನು ಬಿಲ್ ಮಾಡುವವರು ಬರೆದದ್ದು ಮಾರಾಟದ ಹೆಸರು, ಅದರ ಮುಂದೆ 'ಕ್ಲೀನರ್' ಅಂತ ಒಂದು ಪದ. ಸಾಗಾಟದ ಮಟ್ಟಿಗೆ ಅದು ಹೆಸರೇ ಅಲ್ಲ. ಕ್ಲೀನರ್ ಅಂದರೆ ಸೋಪಿನ ನೀರೂ ಆಗಬಹುದು, ಆ್ಯಸಿಡ್ಡೂ ಆಗಬಹುದು.

ಯಾರೂ ಸುಮ್ನೆ ಬಾಯಿಗೆ ಬಂದದ್ದು ಬರೆದಿರಲಿಲ್ಲ. ಎಲ್ಲರಿಗೂ ಒಂದೊಂದು ಕಾರಣ ಇತ್ತು. ಆದರೆ ಆ ಯಾವ ಕಾರಣವೂ "ಈ ದ್ರವ ಚೆಲ್ಲಿದರೆ ಏನು ಮಾಡುತ್ತದೆ?" ಎನ್ನುವ ಪ್ರಶ್ನೆಯಿಂದ ಹುಟ್ಟಿರಲಿಲ್ಲ.

ಘಟಕದವರಿಗೆ ಇದನ್ನು ತೋರಿಸಲು ನಾನು ಒಂದು ಪುಸ್ತಕ ತೆರೆದೆ. ಅಮೆರಿಕ, ಕೆನಡಾ, ಮೆಕ್ಸಿಕೊ ಸೇರಿ ಹೊರತರುವ ಎಮರ್ಜೆನ್ಸಿ ರೆಸ್ಪಾನ್ಸ್ ಗೈಡ್‌ಬುಕ್. ಅಪಘಾತದ ಜಾಗಕ್ಕೆ ಮೊದಲು ಬರುವ ಅಗ್ನಿಶಾಮಕದವರು ನಾಲ್ಕು ಅಂಕಿಯ ಯುಎನ್ ನಂಬರ್ ಹಿಡಿದು ಅದರಲ್ಲಿ ಪುಟ ಹುಡುಕುತ್ತಾರೆ. 1814 ಅಂತ ನೋಡಿದರೆ 154ನೇ ಗೈಡ್ ಸಿಗುತ್ತದೆ. ಅದು ವಿಷಕಾರಿ ಅಥವಾ ಮೈ ಸುಡುವ, ಆದರೆ ಬೆಂಕಿ ಹಿಡಿದು ಉರಿಯದ ವಸ್ತುಗಳ ಪುಟ. 65 ಭಾಗ ಆಲ್ಕೊಹಾಲ್ ಇರುವ ದ್ರವದ ಪಕ್ಕ ನಿಂತವರು ಇದು ಉರಿಯುವುದಿಲ್ಲ ಎಂದು ಓದುತ್ತಾರೆ. 1170 ಅಂತ ನೋಡಿದರೆ 127ನೇ ಗೈಡ್. ಅದು ನೀರಿನಲ್ಲಿ ಬೆರೆಯುವ, ಬೆಂಕಿ ಹಿಡಿಯುವ ದ್ರವಗಳದ್ದು. ಬೆಂಕಿಯ ಬಗ್ಗೆ ಎಲ್ಲ ಸರಿಯಾಗಿ ಹೇಳುತ್ತದೆ. ಆದರೆ ಕಣ್ಣಿಗೆ ಒಂದು ಹನಿ ಹಾರಿದರೆ ಕಣ್ಣೇ ಹೋಗಬಹುದಾದ ಕ್ಷಾರ ಇದೆ ಅಂತ ಯಾರಿಗೆ ಗೊತ್ತಾಗಬೇಕು? ನಮಗೆ ಬೇಕಿದ್ದದ್ದು 132ನೇ ಗೈಡ್. ಬೆಂಕಿಯೂ ಹಿಡಿಯುವ, ಮೈಯನ್ನೂ ಸುಡುವ ದ್ರವಗಳದ್ದು. ಈ ಮೂರು ಪುಟಗಳನ್ನು ಪಕ್ಕಪಕ್ಕ ಇಟ್ಟ ಮೇಲೆ ಅಲ್ಲಿ ಯಾರೂ "ಇಷ್ಟು ದಿನ ನಡೀತಿತ್ತಲ್ಲ" ಎನ್ನಲಿಲ್ಲ.

ಮೊದಲು ಅಪಾಯ, ಆಮೇಲೆ ಹೆಸರು

ವಿಶ್ವಸಂಸ್ಥೆಯ ತಜ್ಞರ ಸಮಿತಿ 1956ರಲ್ಲಿ ಅಪಾಯಕಾರಿ ಸರಕಿನ ಸಾಗಾಟಕ್ಕೆ ಮೊದಲ ಶಿಫಾರಸುಗಳನ್ನು ಹೊರತಂದಿತು. ಅದು ಇವತ್ತು ಮಾಡೆಲ್ ರೆಗ್ಯುಲೇಷನ್ಸ್ ಆಗಿ ಬೆಳೆದಿದೆ, ಎರಡು ವರ್ಷಕ್ಕೊಮ್ಮೆ ಪರಿಷ್ಕರಣೆ ಆಗುತ್ತದೆ. ಈ ಕೆಲಸದವರೆಲ್ಲ ಅದನ್ನು ಆರೆಂಜ್ ಬುಕ್ ಎನ್ನುತ್ತಾರೆ. ಹಡಗು, ವಿಮಾನ, ರಸ್ತೆಯ ನಿಯಮಗಳಿಗೆಲ್ಲ ಮೂಲ ಅದೇ. ಅದರಲ್ಲಿ ಒಟ್ಟು ಒಂಬತ್ತು ಕ್ಲಾಸ್. ನಮಗೆ ಬೇಕಾದವು 3, ಅಂದರೆ ಬೆಂಕಿ ಹಿಡಿಯುವ ದ್ರವ. 8, ಅಂದರೆ ಮೈ ಸುಡುವ, ಲೋಹವನ್ನು ತಿನ್ನುವ ವಸ್ತು. ಜೊತೆಗೆ 6.1, ಅಂದರೆ ವಿಷ. ಅದು ಅನ್ವಯಿಸುತ್ತದೆಯೋ ಇಲ್ಲವೋ ಅಂತ ನೋಡಲೇಬೇಕಿತ್ತು.

ವಿಷದ ಪ್ರಶ್ನೆ ಬೇಗ ಮುಗಿಯಿತು. ಪೊಟ್ಯಾಸಿಯಮ್ ಹೈಡ್ರಾಕ್ಸೈಡ್‌ನ ನುಂಗಿದಾಗಿನ ಎಲ್‌ಡಿ50, ಅಂದರೆ ಅರ್ಧದಷ್ಟು ಪ್ರಾಣಿಗಳು ಸಾಯುವ ಪ್ರಮಾಣ, ಇಲಿಗಳಲ್ಲಿ ಕಿಲೋಗೆ 273 ಮಿಲಿಗ್ರಾಂ ಎಂದು ದಾಖಲಾಗಿದೆ. ಅದನ್ನು 100ರಿಂದ ಗುಣಿಸಿ ಮಿಶ್ರಣದಲ್ಲಿರುವ 8ರಿಂದ ಭಾಗಿಸಿದರೆ 3,400ರ ಮೇಲೆ ಬರುತ್ತದೆ. ಕ್ಲಾಸ್ 6.1 ಆಗಲು ಅದು 300 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಹತ್ತಿರವೂ ಇಲ್ಲ. ಎಥನಾಲ್‌ಗೆ ಮೆಥನಾಲ್ ಬೆರೆಸಿ ಕುಡಿಯಲಾಗದಂತೆ ಮಾಡಿದ್ದಾರಾ ಅಂತ ಮಾತ್ರ ಸರಬರಾಜುದಾರರನ್ನು ಕೇಳಿದೆವು. ಮೆಥನಾಲ್‌ಗೆ ವಿಷದ ಲೇಬಲ್ಲೂ ಬೇಕಾಗುತ್ತದೆ. ಬೆರೆಸಿಲ್ಲ ಎಂದು ಲಿಖಿತ ಉತ್ತರ ಬಂತು.

ಬೆಂಕಿಯ ಕಡೆ ಬಂದರೆ, ಕ್ಲಾಸ್ 3ರಲ್ಲಿ ಎರಡು ಸಂಖ್ಯೆ ಮುಖ್ಯ. ಮುಚ್ಚಿದ ಕಪ್‌ನಲ್ಲಿ ಅಳೆದ ಫ್ಲ್ಯಾಶ್ ಪಾಯಿಂಟ್, ಅಂದರೆ ದ್ರವದ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ, 60 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಆ ದ್ರವ ಕ್ಲಾಸ್ 3. ಅದರೊಳಗೆ 23ಕ್ಕಿಂತ ಕಡಿಮೆ ಇದ್ದರೆ ಪ್ಯಾಕಿಂಗ್ ಗ್ರೂಪ್ 2. 23ರಿಂದ 60ರ ಒಳಗಿದ್ದರೆ ಗ್ರೂಪ್ 3. ಕುದಿಯಲು ಶುರುವಾಗುವ ಉಷ್ಣತೆ 35 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಗ್ರೂಪ್ 1. ಪ್ಯಾಕಿಂಗ್ ಗ್ರೂಪ್ ಸಣ್ಣದಾದಷ್ಟೂ ಅಪಾಯ ದೊಡ್ಡದು.

ಘಟಕದ ಎಸ್‌ಡಿಎಸ್, ಅಂದರೆ ರಾಸಾಯನಿಕದ ಸುರಕ್ಷತಾ ಮಾಹಿತಿ ಹಾಳೆ, ಅದರ 9ನೇ ವಿಭಾಗದಲ್ಲಿ ಫ್ಲ್ಯಾಶ್ ಪಾಯಿಂಟ್ 13 ಎಂದಿತ್ತು. ನನಗೆ ಅಲ್ಲೇ ಅನುಮಾನ ಬಂತು. 13 ಅನ್ನುವುದು ಶುದ್ಧ ಎಥನಾಲ್‌ನ ಸಂಖ್ಯೆ. ನೀರು ಸೇರಿದಂತೆ ಅದು ಏರುತ್ತದೆ. 40 ಶೇಕಡಾ ಎಥನಾಲ್‌ಗೆ ಸುಮಾರು 26, 10 ಶೇಕಡಾಕ್ಕೆ ಸುಮಾರು 49. ಯಾರೋ ಎಥನಾಲ್‌ನ ಹಾಳೆಯಿಂದ ಸಂಖ್ಯೆಯನ್ನು ಹಾಗೇ ಇಳಿಸಿಕೊಂಡಿದ್ದರು. ನಾವು ಮಿಶ್ರಣವನ್ನೇ ಲ್ಯಾಬ್‌ಗೆ ಕಳಿಸಿದೆವು. ಎರಡು ಬ್ಯಾಚ್, ಎರಡರಲ್ಲೂ 19. ಕುದಿಯುವ ಉಷ್ಣತೆ 35ಕ್ಕಿಂತ ಎಷ್ಟೋ ಮೇಲೆ. ಹಾಗಾಗಿ ಕ್ಲಾಸ್ 3, ಪ್ಯಾಕಿಂಗ್ ಗ್ರೂಪ್ 2. ಹದಿಮೂರು ಹಿಡಿದಿದ್ದರೂ ಇದೇ ಉತ್ತರ ಬರುತ್ತಿತ್ತು, ನಿಜ. ಆದರೆ ನಕಲು ಮಾಡಿದ ಸಂಖ್ಯೆ ಎಲ್ಲಿ ಕೈ ಕೊಡುತ್ತದೆ ಅನ್ನುವುದು ಅದೇ ವಾರ ಗೊತ್ತಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಕ್ಷಾರದ ಗಂಟು

ಈ ಪ್ರಕರಣದಲ್ಲಿ ಜಾಸ್ತಿ ಹೊತ್ತು ತಿಂದದ್ದು ಕ್ಲಾಸ್ 8. ಕ್ಷಾರ ಸುಡುತ್ತದೆ ಅನ್ನುವುದರಲ್ಲಿ ಯಾರಿಗೂ ಸಂಶಯ ಇರಲಿಲ್ಲ. ಎಷ್ಟು ಬೇಗ ಸುಡುತ್ತದೆ ಅನ್ನುವುದೇ ಪ್ರಶ್ನೆ. ಚರ್ಮಕ್ಕೆ ಮೂರು ನಿಮಿಷ ಅಥವಾ ಅದಕ್ಕಿಂತ ಕಡಿಮೆ ತಾಗಿದರೂ ಪೂರ್ತಿ ಪದರ ಹಾಳಾದರೆ ಗ್ರೂಪ್ 1. ಮೂರು ನಿಮಿಷ ದಾಟಿ ಒಂದು ಗಂಟೆಯೊಳಗೆ ತಾಗಿ ಹಾಳಾದರೆ ಗ್ರೂಪ್ 2. ಒಂದು ಗಂಟೆ ದಾಟಿ ನಾಲ್ಕು ಗಂಟೆಯೊಳಗಾದರೆ ಗ್ರೂಪ್ 3.

ಎಸ್‌ಡಿಎಸ್‌ನ 2ನೇ ವಿಭಾಗದಲ್ಲಿ ಚರ್ಮ ಸುಡುವಿಕೆ 1ಎ ಎಂದಿತ್ತು. ಅದು ಸುಳ್ಳಲ್ಲ. ಯುರೋಪಿನ ಪಟ್ಟಿ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ 5 ಶೇಕಡಾ ಅಥವಾ ಅದಕ್ಕಿಂತ ಹೆಚ್ಚಿರುವ ಮಿಶ್ರಣವನ್ನು 1ಎ ಎನ್ನುತ್ತದೆ. 1ಎ ಅಂದರೆ ಸಾಗಾಟದ ಭಾಷೆಯಲ್ಲಿ ಪ್ಯಾಕಿಂಗ್ ಗ್ರೂಪ್ 1. ಘಟಕದ ಒಬ್ಬ ಕೆಮಿಸ್ಟ್ ಹಾಗೇ ಮಾಡೋಣ ಎಂದರು. "ಕಠಿಣವಾದದ್ದನ್ನೇ ಹಿಡಿದರೆ ತಪ್ಪೇನು? ಸುರಕ್ಷಿತ ಅಲ್ವಾ?"

ನನಗೆ ಅದು ಒಪ್ಪಿಗೆಯಾಗಲಿಲ್ಲ. ಕಾರಣ ಇದು. ಒಂದು ದ್ರವಕ್ಕೆ ಎರಡು ಅಪಾಯ ಇದ್ದಾಗ ಯಾವುದು ಮುಖ್ಯ ಅಂತ ಹೇಳಲು ಆರೆಂಜ್ ಬುಕ್‌ನಲ್ಲಿ ಒಂದು ಕೋಷ್ಟಕ ಇದೆ. ಬೆಂಕಿಯ ಗ್ರೂಪ್ 2 ಮತ್ತು ಕ್ಷಾರದ ಗ್ರೂಪ್ 2 ಎದುರುಬದುರಾದರೆ ಬೆಂಕಿಯೇ ಮುಂದು, ಕ್ಲಾಸ್ 3. ಕ್ಷಾರ ಗ್ರೂಪ್ 1 ಆದರೆ ಅದು ಬೆಂಕಿಯನ್ನು ಹಿಂದೆ ಹಾಕುತ್ತದೆ, ಕ್ಲಾಸ್ 8. ಅಂದರೆ ಸುರಕ್ಷತೆಗೆ ಅಂತ ಒಂದು ಮೆಟ್ಟಿಲು ಮೇಲೆ ಹಾಕಿದರೆ ಮುಖ್ಯ ಲೇಬಲ್, ಹೆಸರು, ನಂಬರ್ ಎಲ್ಲವೂ ತಿರುಗಿ ನಿಲ್ಲುತ್ತವೆ. ನಿಜವಾಗಿ ಮೊದಲು ಹೆದರಬೇಕಾದ ಬೆಂಕಿ ಎರಡನೇ ಸಾಲಿಗೆ ಹೋಗುತ್ತದೆ. ಇಲ್ಲಿ ಜಾಸ್ತಿ ಕಠಿಣ ಅನ್ನುವುದು ಜಾಸ್ತಿ ಸುರಕ್ಷಿತ ಆಗುವುದಿಲ್ಲ.

ಹಾಗಾದರೆ ಗ್ರೂಪ್ 2 ಅನ್ನಲು ಆಧಾರ ಏನು? ಆರೆಂಜ್ ಬುಕ್‌ನ ಪಟ್ಟಿಯೇ ದಾರಿ ತೋರಿಸುತ್ತದೆ. ಗಟ್ಟಿ ರೂಪದ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಅದರಲ್ಲಿ ಯುಎನ್ 1813, ಗ್ರೂಪ್ 2. ಅದರ ದ್ರಾವಣ 1814, ಗ್ರೂಪ್ 2 ಅಥವಾ 3. ಗ್ರೂಪ್ 1 ಅಲ್ಲಿ ಇಲ್ಲವೇ ಇಲ್ಲ. ನೂರಕ್ಕೆ ನೂರು ಇರುವ ವಸ್ತುವೇ ಗ್ರೂಪ್ 2 ಆಗಿರುವಾಗ ಎಂಟು ಶೇಕಡಾ ಇರುವ ಮಿಶ್ರಣ ಗ್ರೂಪ್ 1 ಆಗುವುದು ಹೇಗೆ? ಕೆಮಿಸ್ಟ್ ಅದಕ್ಕೂ ಒಂದು ಒಳ್ಳೆಯ ಮಾತು ಹೇಳಿದರು. "ಪಟ್ಟಿಯಲ್ಲಿರುವುದು ನೀರಿನ ದ್ರಾವಣ. ನಮ್ಮದರಲ್ಲಿ ಆಲ್ಕೊಹಾಲ್ ಇದೆ. ಅದು ಚರ್ಮದೊಳಗೆ ಬೇಗ ಇಳಿಸಿದರೆ?" ಇದನ್ನು ವಾದದಲ್ಲಿ ಗೆಲ್ಲುವುದಕ್ಕಿಂತ ಪರೀಕ್ಷೆ ಮಾಡುವುದೇ ಸರಿ ಅನ್ನಿಸಿತು. ಪ್ರಾಣಿಗಳಿಲ್ಲದೆ ಮಾಡುವ ಒಇಸಿಡಿ 435 ಪರೀಕ್ಷೆ ಇದೆ. ಒಂದು ಕೃತಕ ಪೊರೆಯನ್ನು ದ್ರವ ಎಷ್ಟು ಹೊತ್ತಿನಲ್ಲಿ ದಾಟುತ್ತದೆ ಅಂತ ಅದರಲ್ಲಿ ನೋಡುತ್ತಾರೆ. ಮೂರು ಗ್ರೂಪ್‌ಗಳನ್ನೂ ಅದು ಬೇರೆ ಮಾಡಿ ಹೇಳುತ್ತದೆ. ಫಲಿತಾಂಶ ಗ್ರೂಪ್ 2 ಎಂದೇ ಬಂತು. ಎಸ್‌ಡಿಎಸ್‌ನ 2ನೇ ವಿಭಾಗಕ್ಕೂ ಸಾಗಾಟದ ವಿವರ ಇರುವ 14ನೇ ವಿಭಾಗಕ್ಕೂ ಯಾಕೆ ಹೀಗೆ ವ್ಯತ್ಯಾಸ ಇದೆ ಅಂತ ಒಂದು ಪುಟ ಟಿಪ್ಪಣಿ ಬರೆದು, ಪರೀಕ್ಷೆಯ ವರದಿಯ ಜೊತೆ ಫೈಲಿಗೆ ಸೇರಿಸಿದೆವು. ಮುಂದೆ ಯಾರಾದರೂ ಇದನ್ನು 'ಸರಿ ಮಾಡಲು' ಹೊರಟರೆ ಅವರಿಗೆ ಕಾರಣ ಸಿಗಬೇಕು.

ಹೆಸರು ಹುಡುಕಿದ ದಾರಿ

ಈಗ ಗೊತ್ತಿದ್ದದ್ದು: ಮುಖ್ಯ ಅಪಾಯ 3, ಜೊತೆಯ ಅಪಾಯ 8, ಪ್ಯಾಕಿಂಗ್ ಗ್ರೂಪ್ 2. ಇದಕ್ಕೆ ಹೆಸರು ಬೇಕು.

ಪಟ್ಟಿಯಲ್ಲಿ ಹೆಸರಿರುವ ಒಂದೇ ಒಂದು ಅಪಾಯಕಾರಿ ವಸ್ತು ಅಪಾಯವಿಲ್ಲದ್ದರ ಜೊತೆ ಬೆರೆತರೆ ಆ ವಸ್ತುವಿನ ಹೆಸರಿಗೇ ಸೊಲ್ಯೂಷನ್ ಅಂತ ಸೇರಿಸಿದರೆ ಸಾಕು. ಎಥನಾಲ್ ಮತ್ತು ನೀರು ಮಾತ್ರ ಇದ್ದಿದ್ದರೆ ಆಫೀಸಿನವರ 1170 ಸರಿಯಾಗುತ್ತಿತ್ತು. ಆದರೆ ಇಲ್ಲಿ ಅಪಾಯಕಾರಿ ವಸ್ತು ಎರಡು. ಅವೆರಡೂ ಸೇರಿದ ಮಿಶ್ರಣಕ್ಕೆ ಪಟ್ಟಿಯಲ್ಲಿ ಸ್ವಂತ ಹೆಸರಿಲ್ಲ.

ಆಗ ಮೇಲಿನಿಂದ ಕೆಳಗೆ ಇಳಿಯಬೇಕು. ಒಂದು ಗುಂಪಿಗೆ ಹೊಂದುವ ಹೆಸರು ಇದೆಯಾ ಅಂತ ಮೊದಲು ನೋಡಬೇಕು, ಇಲ್ಲದಿದ್ದರೆ ಮಾತ್ರ ತೀರಾ ಸಾಮಾನ್ಯ ಹೆಸರಿಗೆ ಬರಬೇಕು. ಯುಎನ್ 1987, ಆಲ್ಕೊಹಾಲ್ಸ್ ಎನ್.ಒ.ಎಸ್. ಅನ್ನುವುದರಲ್ಲಿ ಸುಡುವ ಗುಣಕ್ಕೆ ಜಾಗವಿಲ್ಲ. ಅದು ಬಿತ್ತು. ಯುಎನ್ 3274 ಮಾತ್ರ ನನ್ನನ್ನು ಒಂದು ಮಧ್ಯಾಹ್ನ ಪೂರ್ತಿ ಹಿಡಿದು ಕೂರಿಸಿತು. ಅದು ಆಲ್ಕೊಹಾಲ್‌ನಲ್ಲಿ ಕರಗಿಸಿದ ಆಲ್ಕೊಹಾಲೇಟ್‌ಗಳ ಹೆಸರು. ಕ್ಲಾಸ್ 3, ಜೊತೆಗೆ 8, ಗ್ರೂಪ್ 2. ಎಲ್ಲ ಹೊಂದುತ್ತದೆ! ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಎಥನಾಲ್‌ನಲ್ಲಿ ಕರಗಿದಾಗ ಒಂದಿಷ್ಟು ಪೊಟ್ಯಾಸಿಯಮ್ ಎಥಾಕ್ಸೈಡ್ ಎಂಬ ಆಲ್ಕೊಹಾಲೇಟ್ ಆಗುವುದೂ ನಿಜ. ಆದರೆ ಆ ಕ್ರಿಯೆಯಲ್ಲಿ ನೀರೂ ಹುಟ್ಟುತ್ತದೆ, ನೀರು ಜಾಸ್ತಿ ಇದ್ದರೆ ಕ್ರಿಯೆ ಹಿಂದಕ್ಕೆ ಹೋಗುತ್ತದೆ. ನಮ್ಮ ಮಿಶ್ರಣದಲ್ಲಿ 27 ಭಾಗ ನೀರೇ ಇದೆ. ಇದನ್ನು ಆಲ್ಕೊಹಾಲೇಟ್ ದ್ರಾವಣ ಅನ್ನುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಹಾಕಿದ್ದು ಹೈಡ್ರಾಕ್ಸೈಡ್, ಉಳಿದದ್ದೂ ಬಹುಪಾಲು ಹೈಡ್ರಾಕ್ಸೈಡೇ.

ಉಳಿದದ್ದು ಯುಎನ್ 2924. ಫ್ಲೇಮಬಲ್ ಲಿಕ್ವಿಡ್, ಕರೋಸಿವ್, ಎನ್.ಒ.ಎಸ್. ಕೊನೆಯ ಮೂರು ಅಕ್ಷರಗಳ ಅರ್ಥ, ಬೇರೆಲ್ಲೂ ಹೆಸರಿಸದ್ದು. ಇಂಥ ಹೆಸರು ಒಂದೇ ಸಾಲದು, ಅದರ ಮುಂದೆ ಕಂಸದಲ್ಲಿ ಅಪಾಯಕ್ಕೆ ಮುಖ್ಯ ಕಾರಣವಾದ ವಸ್ತುಗಳ ಹೆಸರು ಬರೆಯಬೇಕು. ಮಿಶ್ರಣಕ್ಕೆ ಹೆಚ್ಚೆಂದರೆ ಎರಡು ಸಾಕು. ಬೆಂಕಿಗೆ ಕಾರಣ ಎಥನಾಲ್, ಸುಡುವುದಕ್ಕೆ ಕಾರಣ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್. ಎಂಟೇ ಭಾಗ ಇದ್ದರೂ ಎರಡನೆಯದನ್ನು ಬರೆಯಲೇಬೇಕು. ಬ್ರ್ಯಾಂಡ್ ಹೆಸರು ಅಲ್ಲಿ ಬರಕೂಡದು. ಕಾಗದದಲ್ಲಿ ಎಲ್ಲ ಒಂದೇ ಸಾಲಿನಲ್ಲಿ, ಇದೇ ಕ್ರಮದಲ್ಲಿ: ಯುಎನ್ ನಂಬರ್, ಹೆಸರು, ಕ್ಲಾಸ್ 3, ಕಂಸದಲ್ಲಿ 8, ಪ್ಯಾಕಿಂಗ್ ಗ್ರೂಪ್ 2.

ಹಳೆಯ ಕ್ಯಾನ್‌ಗಳು

ಗೋದಾಮಿನ ಮೂಲೆಯಲ್ಲಿ ಇನ್ನೂ ಒಂಬತ್ತು ಕ್ಯಾನ್ ಇದ್ದವು. ಹಿಂದಿನ ಸೂತ್ರದ್ದು. ಅದರಲ್ಲಿ ಎಥನಾಲ್ 30 ಭಾಗ, ನೀರು 62, ಕ್ಷಾರ ಅದೇ 8. ಪಾತ್ರೆ ಬೇಗ ಒಣಗಲಿ ಅಂತ ಗ್ರಾಹಕರು ಕೇಳಿದ ಮೇಲೆ ಆಲ್ಕೊಹಾಲ್ ಏರಿಸಿದ್ದರು. ಲೇಬಲ್ ಬದಲಾಗಿರಲಿಲ್ಲ. "ಇವಕ್ಕಾದರೂ 1814 ಸರಿ ತಾನೆ?" ಎಂದು ಗೋದಾಮಿನವರು ಕೇಳಿದರು. ಅವರ ದನಿಯಲ್ಲಿ ಆಸೆ ಇತ್ತು.

ಅಳೆದು ನೋಡಿದೆವು. ಫ್ಲ್ಯಾಶ್ ಪಾಯಿಂಟ್ 27. ಅರವತ್ತರ ಒಳಗೇ ಇದೆ, ಅಂದರೆ ಬೆಂಕಿ ಹಿಡಿಯುವ ದ್ರವವೇ. ಆದರೆ 23ಕ್ಕಿಂತ ಮೇಲೆ, ಆದ್ದರಿಂದ ಬೆಂಕಿಯ ಗ್ರೂಪ್ 3. ಕ್ಷಾರ ಗ್ರೂಪ್ 2. ಕೋಷ್ಟಕದಲ್ಲಿ ಈ ಎರಡು ಎದುರಾದರೆ ಕ್ಷಾರ ಮುಂದು. ಹೀಗಾಗಿ ಹಳೆಯ ಸೂತ್ರದ ಹೆಸರು ಯುಎನ್ 2920, ಕರೋಸಿವ್ ಲಿಕ್ವಿಡ್, ಫ್ಲೇಮಬಲ್, ಎನ್.ಒ.ಎಸ್. ಕ್ಲಾಸ್ 8, ಕಂಸದಲ್ಲಿ 3, ಗ್ರೂಪ್ 2. ಮೂರೂ ಪದಾರ್ಥ ಅವೇ, ಕ್ಷಾರದ ಪ್ರಮಾಣವೂ ಅದೇ. ಆಲ್ಕೊಹಾಲ್ ಮತ್ತು ನೀರಿನ ಪಾಲು ಬದಲಾದದ್ದಕ್ಕೆ ಹೆಸರು ತಲೆಕೆಳಗಾಯಿತು. ಎಸ್‌ಡಿಎಸ್‌ನಲ್ಲಿದ್ದ ನಕಲಿ 13ನ್ನು ಇಲ್ಲಿ ನಂಬಿದ್ದರೆ ಹೆಸರು ತಪ್ಪುತ್ತಿತ್ತು. ಇನ್ನೊಂದು ಮಾತು: 1814 ಎನ್ನುವ ಹಳೆಯ ಲೇಬಲ್ ಹಳೆಯ ಸೂತ್ರಕ್ಕೂ ಯಾವತ್ತೂ ಸರಿ ಇರಲಿಲ್ಲ. ಗೋದಾಮಿನವರು ಸುಮ್ಮನೆ ಸುರುಳಿ ಎತ್ತಿಕೊಂಡು ಕಸದ ಬುಟ್ಟಿಗೆ ಹಾಕಿದರು.

ಹೆಸರು ಬದಲಾದರೆ ಬರೀ ಕಾಗದ ಬದಲಾಗುವುದಿಲ್ಲ. 1170 ಅಂತ ಬರೆದಿದ್ದ ಆಫೀಸು ಮುಂದಿನ ತಿಂಗಳ ಸಣ್ಣ ಪ್ಯಾಕ್‌ಗೆ ಅಲ್ಯೂಮಿನಿಯಂ ಬಾಟಲಿ ಆರ್ಡರ್ ಮಾಡಲು ಹೊರಟಿತ್ತು. ಎಥನಾಲ್‌ಗೆ ಅಲ್ಯೂಮಿನಿಯಂ ಏನೂ ತೊಂದರೆ ಇಲ್ಲ. ಆದರೆ ಕ್ಷಾರ ಅಲ್ಯೂಮಿನಿಯಂ ತಿನ್ನುತ್ತದೆ, ತಿನ್ನುವಾಗ ಹೈಡ್ರೋಜನ್ ಬಿಡುತ್ತದೆ. ಬಿಗಿಯಾಗಿ ಮುಚ್ಚಿದ ಬಾಟಲಿ, ಒಳಗೆ ಆಲ್ಕೊಹಾಲ್, ಮೇಲೆ ಹೈಡ್ರೋಜನ್‌ನ ಒತ್ತಡ. ಆ ಆರ್ಡರ್ ನೋಡಿದಾಗ ನನ್ನ ಕೈ ತಣ್ಣಗಾಗಿತ್ತು. ಅದನ್ನು ರದ್ದು ಮಾಡಿಸಿ ಪಾಲಿಥಿಲೀನ್‌ನ ಸಣ್ಣ ಕ್ಯಾನ್‌ಗಳಿಗೆ ಹೋದೆವು. ಅವುಗಳ ಮೇಲಿನ ಗುರುತು 3ಎಚ್1 ಅಂತ ಶುರುವಾಗುತ್ತದೆ: ಜೆರ್ರಿಕ್ಯಾನ್, ಪ್ಲಾಸ್ಟಿಕ್, ಮೇಲ್ಭಾಗ ತೆಗೆಯಲು ಬಾರದ್ದು. ಅದರ ಮುಂದೆ ವೈ ಅಕ್ಷರ ಇದ್ದರೆ ಗ್ರೂಪ್ 2 ಮತ್ತು 3ಕ್ಕೆ ಸರಿ. ಝಡ್ ಇದ್ದರೆ ಗ್ರೂಪ್ 3ಕ್ಕೆ ಮಾತ್ರ, ನಮಗೆ ಆಗುವುದಿಲ್ಲ.

ವಿಮಾನದಲ್ಲಿ ಸ್ಯಾಂಪಲ್ ಕಳಿಸುವ ಯೋಚನೆಯೂ ಇತ್ತು. ಎಥನಾಲ್ ಗ್ರೂಪ್ 2 ಆದರೆ ಪ್ರಯಾಣಿಕರ ವಿಮಾನದಲ್ಲಿ ಒಂದು ಪ್ಯಾಕೇಜ್‌ಗೆ 5 ಲೀಟರ್, ಸರಕು ವಿಮಾನದಲ್ಲಿ 60. ಯುಎನ್ 2924 ಗ್ರೂಪ್ 2 ಆದರೆ 1 ಮತ್ತು 5. ತಪ್ಪು ಹೆಸರಿನಲ್ಲಿ ಐದು ಲೀಟರ್ ಸುಡುವ ಕ್ಷಾರ ಪ್ರಯಾಣಿಕರ ಕಾಲ ಕೆಳಗೆ ಹೋಗುತ್ತಿತ್ತು.

ಕೊನೆಯಲ್ಲಿ ಸಿಕ್ಕಿದ್ದು ಖಾಲಿ ಕ್ಯಾನ್‌ಗಳು. ಗ್ರಾಹಕರಿಂದ ವಾಪಸು ಬಂದವು, ತೊಳೆಯದವು. ಅವುಗಳ ಲೇಬಲ್ ಕಿತ್ತು 'ಖಾಲಿ' ಅಂತ ಬರೆದು ಜೋಡಿಸಿಟ್ಟಿದ್ದರು. 1996ರ ಮೇ 11ರಂದು ಫ್ಲೋರಿಡಾದ ಎವರ್‌ಗ್ಲೇಡ್ಸ್‌ನಲ್ಲಿ ಬಿದ್ದ ವ್ಯಾಲ್ಯೂಜೆಟ್ 592ರ ಸರಕಿನ ಕಾಗದದಲ್ಲೂ ಆಕ್ಸಿಜನ್ ಜನರೇಟರ್‌ಗಳ ಮುಂದೆ ಖಾಲಿ ಎಂದೇ ಬರೆದಿತ್ತು. ಅವು ಖಾಲಿ ಇರಲಿಲ್ಲ. 110 ಜನ ಸತ್ತರು. ನಾನು ಒಂದು ಖಾಲಿ ಕ್ಯಾನ್‌ನ ಮುಚ್ಚಳ ತೆಗೆದು ಗೋದಾಮಿನವರ ಕೈಗೆ ಕೊಟ್ಟೆ. ತಳದಲ್ಲಿ ಒಂದಿಷ್ಟು ದ್ರವ ಅಲುಗಾಡಿತು, ಆಲ್ಕೊಹಾಲ್ ವಾಸನೆ ಮೂಗಿಗೆ ಬಡಿಯಿತು. ತೊಳೆದು ಆವಿ ಹೋಗುವವರೆಗೆ ತುಂಬಿದ ಕ್ಯಾನ್‌ಗೆ ಇರುವ ಲೇಬಲ್ಲೇ ಇದಕ್ಕೂ ಇರಬೇಕು ಎಂದೆ. ಅವರು ಮುಚ್ಚಳ ಬಿಗಿ ಮಾಡಿ, ಹೊಸ ಸುರುಳಿ ತಂದು, ಬೆಂಕಿಯ ಲೇಬಲ್ ಮತ್ತು ಕ್ಷಾರದ ಲೇಬಲ್ ಎರಡನ್ನೂ ಒಂದೊಂದಾಗಿ ಅಂಟಿಸಲು ಶುರುಮಾಡಿದರು. ಲಾರಿ ಮರುದಿನ ಬೆಳಿಗ್ಗೆ ಬಂತು, ಅದೇ ಡ್ರೈವರ್. ಕಾಗದ ನೋಡಿದರು, ಕ್ಯಾನ್ ನೋಡಿದರು, ಹತ್ತಿಸಲು ಹೇಳಿದರು.